ಬೀಗರ ಮುಂದೆ ಹೇಳಿದ ಆದಾಯ

ಬಡತನವನ್ನು ನೆಂಟರಿಂದ ಮುಚ್ಚಿಡುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಸರ್ಕಾರದಿಂದಲೂ ಮುಚ್ಚಿಟ್ಟ ಮಹಾನುಭಾವ ನಮ್ಮ ಸೋದರಮಾವನೊಬ್ಬನೇ! ಹಡಗಲಿ ಹತ್ತಿರ ಪಾಲಿಗೆ ಹಿಡಿದ ಅರ್ಧ ಎಕರೆ ಮಲ್ಲಿಗೆ ತೋಟ, ಅಷ್ಟೇ ಅವನ ಸಾಮ್ರಾಜ್ಯ. ಬಸ್ಸಿನಲ್ಲಿ ಪರಿಚಯದವರು ಕಂಡರೆ ಸಾಕು, ಕೇಳದಿದ್ದರೂ "ಕಾರು ಸರ್ವೀಸಿಗೆ ಬಿಟ್ಟೀನ್ರಿ" ಎನ್ನುತ್ತಾನೆ. ಆ ಕಾರು ಹತ್ತು ವರ್ಷದಿಂದ ಸರ್ವೀಸಿನಲ್ಲೇ ಇದೆ!

ಇಂಥವನ ಕಿರಿಮಗಳು ನರ್ಸಿಂಗ್ ಕಾಲೇಜು ಸೇರಿದಳು. ವಿದ್ಯಾರ್ಥಿವೇತನ ಬಂದರೆ ಓದು, ಬಾರದಿದ್ದರೆ ಮನೆ. ಅದಕ್ಕೊಂದು ಆದಾಯ ಪ್ರಮಾಣಪತ್ರ ಬೇಕು. ಗ್ರಾಮ ಲೆಕ್ಕಿಗರು ವಿಚಾರಣೆಗೆ ಬಂದ ಹೊತ್ತಿಗೆ ಪಡಸಾಲೆಯಲ್ಲಿ ಯಾರು ಕೂತಿರಬೇಕು ಹೇಳಿ? ಹಿರಿಮಗಳ ಮಾವ, ಅಂದರೆ ಬೀಗರು! ಕೈಯಲ್ಲಿ ಚಹಾ, ಕಿವಿಯೆಲ್ಲ ಈ ಕಡೆ.

"ವರ್ಷಕ್ಕ ಎಷ್ಟು ಬರ್ತೈತ್ರಿ ಯಜಮಾನ್ರ?"

"ಏನ್ ಮಹಾ ಬರ್ತೈತ್ರಿ... ಖರ್ಚು ಕಳದು ಒಂದಾರು ಲಕ್ಷ!"

ಲೆಕ್ಕಿಗರು ಬರೆದುಕೊಂಡರು. ಬೀಗರು ಇನ್ನೊಂದು ಕಪ್ ಚಹಾ ಕುಡಿದರು.

ಅರ್ಜಿ ತುಂಬಿದವಳು ನಾನೇ. ಊರ ಮಕ್ಕಳಿಗೆ ಲೆಕ್ಕ ಕಲಿಸುವ ಶಾಲೆ ಟೀಚರು! ಪ್ರಮಾಣಪತ್ರದ ನಂಬರು ಒತ್ತಿದರೆ ಆದಾಯ ತಾನಾಗಿ ಬಂದು ಕೂರುತ್ತದೆ. ನಾನು ನೋಡದೆಯೇ ಸಲ್ಲಿಸಿಬಿಟ್ಟೆ. ಹದಿನೈದು ದಿನಕ್ಕೆ ಉತ್ತರ ಬಂತು: ಆದಾಯ ಮಿತಿ ಮೀರಿದೆ. ಮಾವನಿಗೆ ಓದಿ ಹೇಳಿದೆ. ಒಂದು ಗಳಿಗೆ ಅವನ ಮುಖದಲ್ಲಿ ಹೆಮ್ಮೆ ಕಂಡಿತು, ದೇವರಾಣೆ!

ತಿದ್ದಿಸಲು ತಾಲ್ಲೂಕು ಕಚೇರಿಗೆ ಓಡಿದೆವು. ಗುಮಾಸ್ತರು ಹಳೆ ಪ್ರಮಾಣಪತ್ರ, ಹೊಸ ಅರ್ಜಿ ಎರಡನ್ನೂ ನೋಡಿ, "ಹೋದ ತಿಂಗಳು ಆರು ಲಕ್ಷ, ಈ ತಿಂಗಳು ಎಂಬತ್ತು ಸಾವಿರ. ನಡುವ ಏನ್ ಮನಿಗೆ ಕಳ್ಳರು ಬಿದ್ದಿದ್ರಾ?" ಎಂದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಮ್ಮಲ್ಲಿ ಹೆಚ್ಚು ಎಂದರೆ ಬಾಯಿಮಾತೇ ಸಾಕು, ಕಡಿಮೆ ಎಂದರೆ ಮಹಜರು! ಈತ ಬಡವನೆಂದು ಐದು ಮಂದಿ ನೆರೆಯವರು ಸಹಿ ಹಾಕಬೇಕಂತೆ.

ಮಹಜರಿನ ದಿನ ಎದುರುಮನೆಯ ಮುದುಕಿ ಕೇಳಿದಳು: "ಅವ್ರು ಬಡವ್ರಾ? ಕಾರ್ ಐತಲ್ರಿ, ಸರ್ವೀಸಿಗೆ ಬಿಟ್ಟಾರ!"

ನನಗೆ ನಗು ಬರಲಿಲ್ಲ, ಮೈ ಉರಿಯಿತು. ಆಮೇಲೆ ಎಂಟು ದಿನ ಮಾವ ಮನೆಮನೆಗೆ ಹೋಗಿ, "ಕಾರಿಲ್ರಿ, ತೋಟಾನೂ ನಂದಲ್ರಿ, ಸುಳ್ಳು ಹೇಳೀನಿ" ಎಂದು ಒಪ್ಪಿಕೊಂಡು ಬಂದ. ಕೆಲವರು ಅದನ್ನೂ ನಂಬಲಿಲ್ಲ. ದೊಡ್ಡವರ ವಿನಯ ಎಂದರು!

ಹೊಸ ಪ್ರಮಾಣಪತ್ರ ಹಿಡಿದು ಕಾಲೇಜಿಗೆ ಹೋದರೆ, "ತಿದ್ದುಪಡಿ ಗಡುವು ನಿನ್ನೆಗೇ ಮುಗೀತಲ್ರಿ" ಎಂದು ಕಿಟಕಿ ಹಾಕಿಕೊಂಡರು. ಆರು ಲಕ್ಷ ನಂಬಲು ಒಂದು ಕಪ್ ಚಹಾದ ಹೊತ್ತು ಸಾಕಾಗಿತ್ತು. ನಿಜ ನಂಬಲು ಒಂದು ತಿಂಗಳೂ ಸಾಲಲಿಲ್ಲ.

ವರಾಂಡದಲ್ಲಿ ಮಾವನನ್ನು ಹಿಡಿದು ಬೈಯಬೇಕೆಂದು ತಿರುಗಿದೆ. ಅಷ್ಟರಲ್ಲಿ ಹುಡುಗಿ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಓದಿದಳು. ಅವಳೂ ಅಪ್ಪನ ಮಾತನ್ನು ಅರ್ಧವಾದರೂ ನಂಬಿ ಬೆಳೆದವಳು. ಎರಡು ಸಲ ಓದಿದಳು.

"ಅಪ್ಪಾ, ವರ್ಷಕ್ಕ ಇಷ್ಟ ಏನು?"

ಮಾವ ನೆಲ ನೋಡುತ್ತ ನಿಂತ. "ಹೂಂ ಯವ್ವಾ, ಇಷ್ಟ."

"ಇಷ್ಟರಾಗ ಒಂದ್ ದಿನಾನೂ ನನಗ ಇಲ್ಲ ಅಂದಿಲ್ಲಲ್ಲ ನೀ," ಎಂದವಳೇ ಅವನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು.