ಮೊಣಕೈಯ ಲೆಕ್ಕ, ಸೊಂಟದ ಉತ್ತರ

ಭೌತಶಾಸ್ತ್ರದ ಮೇಷ್ಟ್ರೊಬ್ಬ ಇರುವ ಮನೆಯಲ್ಲಿ ಹೆಂಡತಿಯ ಕೈ ನೋಯಕೂಡದು ಎಂದು ಒಂದು ಭಾನುವಾರ ನಾನು ಘೋಷಿಸಿಬಿಟ್ಟೆ!

ಘೋಷಣೆಗೆ ಕಾರಣವಿತ್ತು. ಬಿದ್ದು ತೊಡೆಯ ಮೂಳೆ ಮುರಿದುಕೊಂಡ ನನ್ನ ಅಮ್ಮ ಆಸ್ಪತ್ರೆಯಿಂದ ಬಂದಮೇಲೆ ತಾನಾಗಿ ಎದ್ದು ನಿಂತಿರಲಿಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಎತ್ತಿ ಕೂರಿಸುತ್ತಿದ್ದವಳು ನನ್ನ ಹೆಂಡತಿ. ಆ ಬೆಳಿಗ್ಗೆ ಅವಳ ಕೈಯಿಂದ ಹಾಲಿನ ಪಾತ್ರೆ ಜಾರಿತು. ಒರೆಸಲು ಕೂತವಳು ಬಹಳ ಹೊತ್ತು ಏಳಲಿಲ್ಲ. ಒರೆಸುತ್ತಿದ್ದಾಳೆ ಅಂದುಕೊಂಡೆ, ಅಳುತ್ತಿದ್ದಳು.

ಸಮಾಧಾನ ಹೇಳುವ ಬದಲು ನಾನು ಕಾಗದ ಹಿಡಿದೆ. ವರ್ಷವರ್ಷವೂ ಬೋರ್ಡಿನ ಮೇಲೆ ಬಿಡಿಸುವ ಕೈಯ ಚಿತ್ರವನ್ನೇ ಬಿಡಿಸಿದೆ. ಮೊಣಕೈಯ ಕೀಲಿನಿಂದ ನಾಲ್ಕು ಸೆಂಟಿಮೀಟರ್ ಆಚೆ ಸ್ನಾಯು ಅಂಟಿಕೊಂಡ ಜಾಗ, ಮೂವತ್ತೈದು ಸೆಂಟಿಮೀಟರ್ ಆಚೆ ಅಂಗೈಯಲ್ಲಿ ಭಾರ. ಭಾರ ಕೈಯನ್ನು ಎಷ್ಟು ಕೆಳಕ್ಕೆ ತಿರುಗಿಸುತ್ತದೋ ಸ್ನಾಯು ಅಷ್ಟೇ ಮೇಲಕ್ಕೆ ತಿರುಗಿಸಿದರೆ ಕೈ ಅಲುಗದೆ ನಿಲ್ಲುತ್ತದೆ. ಆದರೆ ಸ್ನಾಯು ಕೀಲಿಗೆ ತೀರ ಹತ್ತಿರ. ಹಾಗಾಗಿ ಅದು ಭಾರದ ಸುಮಾರು ಒಂಬತ್ತು ಪಟ್ಟು ಎಳೆಯಬೇಕು.

"ಹತ್ತು ಕೆಜಿ ಹಿಡಿದ್ರೆ ನಿನ್ನ ಸ್ನಾಯುಗೆ ತೊಂಬತ್ತು ಕೆಜಿ ಎಳೆದ ಹಾಗೆ. ಗೊತ್ತಾ?"

"ಲೆಕ್ಕ ಹಾಕದೆ ಇದ್ದಾಗಲೂ ಇಷ್ಟೇ ನೋಯ್ತಿತ್ತು," ಎಂದಳು.

ಮಾತು ನಾಟಿತು. ಇನ್ನು ಅಮ್ಮನನ್ನು ಎತ್ತುವವನು ನಾನೇ ಎಂದು ಶಪಥ ಮಾಡಿದೆ. ಇದಕ್ಕೆ ತೋಳು ಬೇಕಿಲ್ಲ, ತಲೆ ಸಾಕು. ಭಾರವನ್ನು ಮೈಗೆ ಒತ್ತಿಕೊಂಡರೆ ದೂರ ಕಮ್ಮಿ. ದೂರ ಕಮ್ಮಿಯಾದರೆ ಕೀಲನ್ನು ತಿರುಚುವ ಬಲವೂ ಕಮ್ಮಿ.

ಹೆಂಡತಿ ಸ್ನಾನಕ್ಕೆ ಹೋದಾಗ ಅಮ್ಮನ ಬೆನ್ನಿಗೊಂದು ಕೈ, ಮಂಡಿಯಡಿ ಒಂದು ಕೈ ಕೊಟ್ಟು ಎದೆಗೊತ್ತಿ ಎತ್ತಿದೆ. ಇಷ್ಟೇನಾ ಎನ್ನುವಷ್ಟು ಹಗುರ! ಒಂದು ಗಳಿಗೆ ಖುಷಿಯಾಯಿತು, ಮರುಗಳಿಗೆ ಅಮ್ಮ ಎಷ್ಟು ಸೊರಗಿದ್ದಾಳೆಂದು ಹೊಳೆಯಿತು. ಕುರ್ಚಿಯತ್ತ ಬಗ್ಗಿದೆ. ನನ್ನ ಲೆಕ್ಕದಲ್ಲಿ ಭಾರ ಅಲುಗುವುದಿಲ್ಲ. ಆದರೆ ಅಮ್ಮ ಬೀಳುತ್ತೇನೆಂದು ಹೆದರಿ, ಕುರ್ಚಿಯ ಕೈ ಹಿಡಿಯಲು ಅತ್ತ ವಾಲಿದಳು. ನನ್ನ ಸೊಂಟದಲ್ಲಿ ಛಳಕ್ ಎಂದಿತು. ಅಲ್ಲಿಗೆ ನಾನು ಏಳಲಾರೆ, ಬಗ್ಗಲಾರೆ. ಪುಸ್ತಕದಲ್ಲಿ ಬರೆದ ಪರಿಪೂರ್ಣ ಸಮತೋಲನ!

"ಏನಾಯ್ತೋ?" ತೋಳಿನಲ್ಲಿದ್ದ ಅಮ್ಮ ಕೇಳಿದಳು.

"ಸೊಂಟ ಹಿಡ್ಕೊಂಡಿದೆಯಮ್ಮ."

"ನನ್ನ ಕೆಳಗೆ ಬಿಟ್ಬಿಡೋ. ನಾನಿದ್ದು ಏನಾಗ್ಬೇಕು."

ಅದು ತಮಾಷೆಯ ಮಾತಲ್ಲವೆಂದು ದನಿಯಲ್ಲೇ ಗೊತ್ತಾಯಿತು. ನಾನು ಬಿಡಲಿಲ್ಲ. ಹೆಂಡತಿಯನ್ನು ಕೂಗಿದೆ. ಒದ್ದೆ ತಲೆಯಲ್ಲೇ ಓಡಿ ಬಂದವಳು ಅಮ್ಮನನ್ನು ನನ್ನಿಂದ ಬಿಡಿಸಿ ಕುರ್ಚಿಯಲ್ಲಿ ಕೂರಿಸಿದಳು. ನಾನು ಮಾತ್ರ ಬಟ್ಟೆ ನೇತುಹಾಕುವ ಕೊಕ್ಕೆಯ ಹಾಗೆ ಬಗ್ಗಿಯೇ ಇದ್ದೆ.

ಹಾಸಿಗೆ ಬಿಟ್ಟು ಏಳಬೇಡಿ ಎಂದರು ಡಾಕ್ಟರು. ನೋಡಿಕೊಳ್ಳಲು ಅನುಕೂಲವೆಂದು ನನ್ನ ಮಂಚವನ್ನು ಅಮ್ಮನ ಕೋಣೆಗೇ ಹಾಕಲಾಯಿತು. ಅಮ್ಮ ಗೋಡೆಯ ಕಡೆ ತಿರುಗಿ, ಎಲ್ಲ ತನ್ನಿಂದಲೇ ಆಯಿತೆಂದು ಗೊಣಗುತ್ತಿದ್ದಳು. ನಿನ್ನಿಂದಲ್ಲಮ್ಮ, ನನ್ನ ಬುದ್ಧಿವಂತಿಕೆಯಿಂದ ಎಂದರೂ ಅವಳು ಈ ಕಡೆ ತಿರುಗಲಿಲ್ಲ. ಹೆಂಡತಿಯ ಭಾರ ಇಳಿಸಲು ಹೊರಟವನು ಒಂದರ ಜಾಗದಲ್ಲಿ ಎರಡು ಮಾಡಿದ್ದೆ.

ಸಂಜೆ ಹೆಂಡತಿ ನನ್ನನ್ನು ಎಬ್ಬಿಸಿ ಕೂರಿಸಲು ಬಂದಳು. ಮೊಣಕೈಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಇನ್ನೂ ಹತ್ತಿರ ಬಾ. ದೂರ ನಿಂತಷ್ಟೂ ಕೀಲಿನ ಮೇಲೆ..."

"ಹೆಗಲು ಹಿಡ್ಕೊಳ್ಳಿ."

ಹಿಡಿದೆ. ಹಲ್ಲು ಕಚ್ಚಿ ಎತ್ತಿ ಕೂರಿಸಿದಳು. ನಾನು ತುಂಬಾ ಭಾರವಾ ಎಂದು ಮೆಲ್ಲಗೆ ಕೇಳಿದೆ.

"ಅತ್ತೇನೇ ಹಗುರ," ಎಂದಳು ಉಸಿರು ಬಿಡುತ್ತ. "ಎತ್ತೋವಾಗ ಅವರು ಪಾಠ ಮಾಡಲ್ಲ."