ಮೂವತ್ತೈದರ ಹುಡುಗ

ತಕರಾರೆಲ್ಲ ಶುರುವಾದದ್ದು ಐದು ಮಿಲಿಮೀಟರಿನಿಂದ. ಕಿರುಬೆರಳಿನ ಉಗುರಿನ ಅರ್ಧದಷ್ಟಿರುವ ಆ ವ್ಯತ್ಯಾಸ ಲೋವೆಲ್ ಡೀಟ್ಸನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನು ನಂಬಿದ್ದ. ಕ್ಲೈಡ್ ಬ್ಯಾಮ್‌ಫರ್ಡನ ಕಣ್ಣನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಕ್ಟೋಬರಿನ ಆ ಶನಿವಾರ ವಿಮಾನ, ಕಾರುಗಳ ಪುಟ್ಟ ಪ್ರತಿರೂಪ ಕಟ್ಟುವವರ ನಮ್ಮ ಊರಿನ ಮಾಡೆಲ್ ಕ್ಲಬ್ಬಿನ ವಾರ್ಷಿಕ ಪ್ರದರ್ಶನ. ಓಹಾಯೋದ ಸಣ್ಣ ಊರುಗಳಲ್ಲಿ ಮದುವೆಯಿಂದ ಹಿಡಿದು ಮತದಾನದವರೆಗೆ ಎಲ್ಲವೂ ನಡೆಯುವುದು ಫೈರ್ ಸ್ಟೇಷನ್ನಿನ ಹಾಲಿನಲ್ಲೇ. ಬೆಂಕಿ ಆರಿಸುವ ಬಂಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಮೇಜು ಹಾಕಿದ್ದರು. ಒಂದು ಮೂಲೆಯಲ್ಲಿ ಫೈರ್‌ಮನ್ನುಗಳ ಹುರುಳಿಕಾಯಿ ಬೀಜದ ಖಾರದ ಸಾರು, ಅವರ ಚಿಲ್ಲಿ, ಕುದಿಯುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಚರ್ಚಿನ ಹೆಂಗಸರ ಪೈ ಎಂಬ ಹಣ್ಣಿನ ಹೂರಣದ ಸಿಹಿತಿಂಡಿಯ ಅಂಗಡಿ. ಆ ಅಂಗಡಿಯ ಹಿಂದೆ ಆರ್ಲೀನ್ ನೋವೊಟ್ನಿ ನಿಂತಿದ್ದಳು. ಲೋವೆಲ್ ಈ ಸಲದ ಪ್ರದರ್ಶನಕ್ಕೆ ಪುಟ್ಟದೊಂದು ಹೆಲಿಕಾಪ್ಟರ್ ಕಟ್ಟಿದ್ದೇ ಅವಳಿಗಾಗಿ.

ಲೋವೆಲ್ ಅರವತ್ತೇಳರ ಬ್ರಹ್ಮಚಾರಿ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಮೇಲಿನ ಸಾಲಿನ ಗೂಡುಗಳಿಗೆ ಕಾಗದ ಹಾಕಲು ಅವನಿಗೊಂದು ಸ್ಟೂಲು ಬೇಕಿತ್ತು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಆ ಸ್ಟೂಲನ್ನೇ ಉಡುಗೊರೆಯಾಗಿ ಕೊಟ್ಟರು. ಅವನೂ ನಕ್ಕು ಮನೆಗೆ ಹೊತ್ತುಕೊಂಡು ಹೋದ.

ಅವನಿಗೆ ಹದಿನೈದು ವರ್ಷವಾಗಿದ್ದಾಗ ಊರಿನ ಆಚೆ ದೊಡ್ಡ ಶಾಪಿಂಗ್ ಸೆಂಟರ್ ಶುರುವಾಯಿತು. ಆರಂಭದ ದಿನ ಜನ ಸೇರಿಸಲು ಒಂದು ಹೆಲಿಕಾಪ್ಟರ್ ತರಿಸಿದ್ದರು. ಮುಂದೆಲ್ಲ ಗಾಜಿನ ಗುಳ್ಳೆ, ಹಿಂದೆ ಏಣಿಯಂಥ ಬಾಲ. ಎರಡು ಡಾಲರ್ ಕೊಟ್ಟರೆ ಊರಿನ ಮೇಲೊಂದು ಸುತ್ತು. ಪೈಲಟ್ಟನ ಪಕ್ಕ ಇಬ್ಬರಿಗಷ್ಟೇ ಜಾಗ. ಸಾಲಿನಲ್ಲಿ ಬಂದವರನ್ನು ಬಂದಂತೆ ಇಬ್ಬಿಬ್ಬರನ್ನಾಗಿ ಕೂರಿಸುತ್ತಿದ್ದರು. ಸಾಲಿನಲ್ಲಿ ಲೋವೆಲನಿಗಿಂತ ನಾಲ್ಕಾರು ಜನ ಹಿಂದೆ ಬೇಕರಿಯವರ ಮಗಳು ಆರ್ಲೀನ್ ನಿಂತಿದ್ದಳು. ಅವಳು ಕಾನ್ವೆಂಟು, ಇವನು ಸರ್ಕಾರಿ ಶಾಲೆ. ಬ್ರೆಡ್ಡು ಕೊಳ್ಳುವಾಗ ಕಂಡದ್ದು ಬಿಟ್ಟರೆ ಮಾತಿಲ್ಲ ಕತೆಯಿಲ್ಲ. ಲೋವೆಲ್ 'ನೀವು ಮುಂದೆ ಹೋಗಿ, ನೀವು ಮುಂದೆ ಹೋಗಿ' ಎಂದು ದಾನಶೂರನಂತೆ ಜಾಗ ಬಿಟ್ಟುಕೊಡುತ್ತಾ ಅವಳ ಜೊತೆಗೆ ಬರುವ ಹಾಗೆ ಲೆಕ್ಕ ಹಾಕಿದ. ಜನ್ಮದಲ್ಲಿ ಅವನು ಹಾಕಿದ ಲೆಕ್ಕ ಸರಿಯಾದದ್ದು ಅದೊಂದೇ ಸಲ.

ಹೆಲಿಕಾಪ್ಟರ್ ಮೇಲೆದ್ದ ಕೂಡಲೇ ಹುಡುಗ ಕಣ್ಣು ಮುಚ್ಚಿದ. ಪಕ್ಕದಿಂದ ದಾಲ್ಚಿನ್ನಿಯ ವಾಸನೆ ಬರುತ್ತಿತ್ತು. "ಅಲ್ನೋಡು, ನಮ್ಮನೆ ಚಾವಣಿ!" ಎಂದು ಅವಳು ಕೂಗಿದಾಗ ಒಂದೇ ಒಂದು ಸಲ ಕಣ್ಣು ತೆರೆದ. ಬೇಕರಿ, ನದಿ, ನೀರಿನ ಟ್ಯಾಂಕು, ಇಡೀ ಊರು ಅಂಗೈಯಲ್ಲಿ ಎತ್ತಿಕೊಳ್ಳುವಷ್ಟು ಪುಟ್ಟದಾಗಿ, ಬಿಸಿಲಿನಲ್ಲಿ ಬಿದ್ದುಕೊಂಡಿತ್ತು. ಅಷ್ಟು ಚೆಂದದ ಊರನ್ನು ಅವನು ಮತ್ತೆಂದೂ ಕಾಣಲಿಲ್ಲ. ಇಳಿದವನೇ ಅಂಗಡಿಗಳ ಹಿಂದಕ್ಕೆ ಓಡಿ ವಾಂತಿ ಮಾಡಿಕೊಂಡ, ನೆಟ್ಟಗೆ ಮನೆಗೆ ಹೋಗಿ ಮಲಗಿದ.

ಮರುವಾರವೇ ಅದೇ ಹೆಲಿಕಾಪ್ಟರಿನ ಬಿಡಿಭಾಗ ಜೋಡಿಸಿ ಕಟ್ಟುವ ಮಾಡೆಲ್ ಪೆಟ್ಟಿಗೆಯೊಂದನ್ನು ಕೊಂಡ. ಅಳತೆ ಅಸಲಿನ ಮೂವತ್ತೆರಡರಲ್ಲಿ ಒಂದು ಪಾಲು. ಕಟ್ಟಿಬಿಟ್ಟರೆ ಮುಗಿದೇ ಹೋಗುತ್ತದಲ್ಲ ಎಂದು ಅಟ್ಟದಲ್ಲಿ ಹಾಗೇ ಇಟ್ಟಿದ್ದ. ಆರ್ಲೀನ್ ಮದುವೆಯಾಗಿ ಅರಿಜೋನಾಕ್ಕೆ ಹೋದಳು. ಶಾಪಿಂಗ್ ಸೆಂಟರ್ ಮುಚ್ಚಿತು. ಹೆಲಿಕಾಪ್ಟರ್ ಇಳಿದ ಜಾಗದಲ್ಲಿ ಈಗ ಡಾಂಬರು ಬಿರಿದು ಹುಲ್ಲು ಬೆಳೆದಿದೆ. ಹೋದ ವಸಂತದಲ್ಲಿ ಗಂಡನನ್ನು ಕಳೆದುಕೊಂಡು ಅವಳು ಊರಿಗೆ ಮರಳಿದಾಗ ಲೋವೆಲ್ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದ.

ತೊಂದರೆ ಬಂದದ್ದು ಒಳಗೆ ಕೂರಬೇಕಾದ ಜನರದ್ದು. ಪೆಟ್ಟಿಗೆಯಲ್ಲಿದ್ದದ್ದು ಪೈಲಟ್ ಒಬ್ಬನೇ. ಮೂವತ್ತೆರಡರ ಅಳತೆಯಲ್ಲಿ ಹುಡುಗ ಹುಡುಗಿಯ ಜೋಡಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಮೂವತ್ತೈದರಲ್ಲಿ ಒಂದು ಜೋಡಿ ಸಿಕ್ಕಿತು. ಈ ಕಸುಬಿನಲ್ಲಿ ಅಂಕೆ ದೊಡ್ಡದಾದಷ್ಟೂ ಬೊಂಬೆ ಚಿಕ್ಕದು. ನಮ್ಮೂರಿನ ಕಮಿಟಿಗಳೂ ಹಾಗೇ, ಸದಸ್ಯರು ಹೆಚ್ಚಿದಷ್ಟೂ ಕೆಲಸ ಕಿರಿದು. ಐದು ಮಿಲಿಮೀಟರ್ ತಾನೇ ಎಂದು ಲೋವೆಲ್ ಇಬ್ಬರನ್ನೂ ಕೂರಿಸಿದ. ಹುಡುಗಿಗೆ ಹಳದಿ ಸ್ವೆಟರ್ ಬಳಿದ, ಹುಡುಗನಿಗೆ ತನ್ನ ಅಂದಿನ ನೀಲಿ ಟೋಪಿ. ಪ್ರದರ್ಶನದ ಹಿಂದಿನ ದಿನ ಪೈಗೆ ಮುಂಚೆಯೇ ಹೇಳಿಡುವ ನೆಪದಲ್ಲಿ, "ನಾಳೆ ಒಂದ್ಸಲ ನನ್ನ ಮೇಜಿನ ಹತ್ರ ಬನ್ನಿ, ಏನೋ ತೋರಿಸ್ಬೇಕು" ಎಂದೂ ಹೇಳಿಬಿಟ್ಟಿದ್ದ. ಅವಳು ನೋಡಬೇಕು, ನೆನಪು ಮಾಡಿಕೊಳ್ಳಬೇಕು, ಆಗ ಅವನು ಶುಕ್ರವಾರ ಚರ್ಚಿನ ಮೀನಿನ ಊಟಕ್ಕೆ ಕರೆಯಬೇಕು. ಐವತ್ತು ವರ್ಷದಿಂದ ಹೇಳಲಾಗದ್ದನ್ನು ಆ ಎರಡು ಬೊಂಬೆಗಳು ಹೇಳಬೇಕಿತ್ತು.

ಬಾಗಿಲು ತೆರೆಯುವ ಮುಂಚೆ ಕ್ಲೈಡ್ ತಪಾಸಣೆಗೆ ಬಂದ. ಕ್ಲಬ್ಬಿನ ಅಧ್ಯಕ್ಷ, ಹಿಂದೆ ಮರಗೆಲಸದ ಮೇಷ್ಟ್ರು. ಡಾಕ್ಟರು ಸ್ಟೆತಾಸ್ಕೋಪು ಹಾಕಿಕೊಳ್ಳುವಂತೆ ಕೊರಳಿಗೆ ವರ್ನಿಯರ್ ಕ್ಯಾಲಿಪರ್ ನೇತುಹಾಕಿಕೊಂಡಿರುತ್ತಾನೆ.

"ಲೋವೆಲ್, ಇದು ಮೂವತ್ತೆರಡು ತಾನೇ?"

"ಹೌದು."

"ಒಳಗಿರೋ ಜನ?"

ಲೋವೆಲ್ ಕೆಮ್ಮಿದ. "ಜನ... ಒಳ್ಳೇ ಜನ."

ಕ್ಲೈಡ್ ಬಗ್ಗಿದ, ಅಳೆದ, ಎದ್ದ. "ಮೂವತ್ತೈದು! ಹುಡುಗನ ಕಾಲು ನೆಲಕ್ಕೇ ಎಟುಕ್ತಿಲ್ಲ ನೋಡು. ತೊಟ್ಟಿಲಿಂದ ಎತ್ತಿ ಕೂರಿಸ್ದಂಗಿದೆ!"

"ಹುಡುಗ ಸ್ವಲ್ಪ ಕುಳ್ಳ ಅಂದ್ಕೋ."

"ಕುಳ್ಳ ಬೇರೆ, ಅಳತೆ ತಪ್ಪು ಬೇರೆ. ಇಂಥದ್ದನ್ನ ಇಟ್ರೆ ಪಕ್ಕದೂರಿನ ಕ್ಲಬ್ಬಿನೋರು ಬಂದು ನಗಲ್ವೇನಯ್ಯಾ?"

ಅಷ್ಟರಲ್ಲಿ ವರ್ನ್ ಸ್ಟಬ್ಸ್ ಬಂದ. ಕ್ಷೌರದಂಗಡಿ ನಡೆಸಿದವನು, ಕತ್ತರಿ ಬಿಟ್ಟ ಮೇಲೂ ಬೇರೆಯವರ ತಲೆಗೆ ಕೈಹಾಕುವ ಚಾಳಿ ಬಿಟ್ಟಿರಲಿಲ್ಲ. "ಹುಡುಗನ್ನ ಯಾಕೆ ಅಂತೀಯ ಕ್ಲೈಡ್? ಹೆಲಿಕಾಪ್ಟರನ್ನೇ ಬದಲಾಯಿಸಿದ್ರಾಯ್ತು. ನನ್ ಹತ್ರ ಮೂವತ್ತೈದರದ್ದು ರೆಡಿ ಇದೆ" ಎಂದು ತಂದು ಇಟ್ಟ. ಅದು ಹಸಿರು ಬಳಿದ ಸೈನ್ಯದ್ದು. ಎರಡೂ ಕಡೆ ಗಾಯಾಳುಗಳ ಸ್ಟ್ರೆಚರು.

"ಇದರಲ್ಲಿ ಇವರನ್ನ ಎಲ್ಲಿ ಕೂರಿಸ್ಲಿ? ಸ್ಟ್ರೆಚರ್ ಮೇಲೆ ಮಲಗಿಸ್ಲಾ?" ಎಂದ ಲೋವೆಲ್.

"ನೋಡೋಣ ತಡಿ" ಎಂದು ವರ್ನ್ ಲೋವೆಲನ ಹೆಲಿಕಾಪ್ಟರನ್ನು ಎತ್ತಿದ. "ಮುಟ್ಬೇಡ" ಎಂದು ಕ್ಲೈಡ್ ಬಾಲ ಹಿಡಿದ. ಬಾಲ ಕ್ಲೈಡನ ಕೈಯಲ್ಲೇ ಉಳಿಯಿತು.

"ಗಾಬರಿ ಬೇಡ, ಅಂಟು ನನ್ ಹತ್ರ ಇದೆ" ಎಂದು ವರ್ನ್ ಹೇಳಿದ್ದೇ ಎಲ್ಲರೂ ಗಾಬರಿಯಾಗಬೇಕಾದ ಮಾತು. ಅದು ಕ್ಷಣದಲ್ಲಿ ಹಿಡಿಯುವ ಜಾತಿಯ ಅಂಟು. ಬಾಲವೇನೋ ನಿಂತಿತು. ಆದರೆ ಅಂಟಿನ ಹೊಗೆ ತಗುಲಿ ಗಾಜಿನ ಗುಳ್ಳೆಯೆಲ್ಲ ಅಜ್ಜನ ಕಣ್ಣಿನ ಪೊರೆಯಂತೆ ಬೆಳ್ಳಗಾಯಿತು. ಅದನ್ನು ಒರೆಸಲು ಬಿಚ್ಚಿ ತೆಗೆದಾಗ ವರ್ನನ ಹೆಬ್ಬೆರಳು ಹುಡುಗನ ಟೋಪಿಗೆ ತಗುಲಿತು. ತಗುಲಿದ್ದು ಬಿಡಲಿಲ್ಲ. ಎಳೆದ. ಸೊಂಟದಿಂದ ಮೇಲಿನ ಹುಡುಗ ಬೆರಳಿನ ಜೊತೆ ಬಂದ, ಕಾಲುಗಳು ಸೀಟಿನ ಮೇಲೇ ಕುಳಿತಿದ್ದವು.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ. ಲೋವೆಲ್ ವರ್ನನ ಬೆರಳಿನಿಂದ ಅರ್ಧ ಹುಡುಗನನ್ನು ಮೆಲ್ಲಗೆ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಒಳ್ಳೇದೇ ಆಯ್ತು ಬಿಡು" ಎಂದ ಕ್ಲೈಡ್. "ಈಗ್ಲಾದ್ರೂ ಸರಿಯಾದ ಅಳತೆ ಹುಡುಗನ್ನ ಕೂರಿಸು."

ವರ್ನನಿಗೆ ಪಶ್ಚಾತ್ತಾಪವಾಗಿತ್ತು. ತನ್ನ ಆಟದ ರೇಸ್ ಕಾರುಗಳ ಡಬ್ಬಿ ತೆರೆದು ತಡಕಿದ. ಆ ಕಾರುಗಳೆಲ್ಲ ಮೂವತ್ತೆರಡರ ಅಳತೆ. ರೇಸ್ ನೋಡಲು ಕುಳಿತ ಪ್ರೇಕ್ಷಕರ ಬೊಂಬೆಗಳೂ ಅದೇ. ಅವರಲ್ಲೊಬ್ಬನನ್ನು ಕಿತ್ತು ತಂದ. ಕೆಂಪು ಜಾಕೆಟ್ಟಿನ, ಅಗಲ ಭುಜದ ದಾಂಡಿಗ ಹುಡುಗ.

"ಟೋಪಿ?" ಎಂದ ಲೋವೆಲ್, ಕ್ಷೀಣವಾಗಿ.

"ಬಣ್ಣ ಒಣಗಕ್ಕೆ ಹೊತ್ತೆಲ್ಲಿದೆ ಮಾರಾಯಾ? ಜನ ಬರ್ತಿದಾರೆ."

"ಹುಡುಗಿನೂ ಬದಲಾಯಿಸ್ಬೇಕು" ಎಂದು ಕ್ಲೈಡ್ ಕೈ ನೀಡಿದ.

"ಅವಳನ್ನ ಮುಟ್ಟಿದ್ರೆ ನೋಡು!" ಎಂದು ಲೋವೆಲ್ ಅರಚಿದ. ಅವನು ದನಿ ಎತ್ತಿದ್ದನ್ನು ನಮ್ಮೂರು ಕೇಳಿದ್ದು ಅದೇ ಮೊದಲು. ಕ್ಲೈಡ್ ಕೈ ಹಿಂದಕ್ಕೆಳೆದುಕೊಂಡ. ಹುಡುಗಿ ಉಳಿದಳು. ಸೀಟಿನಲ್ಲಿ ಉಳಿದಿದ್ದ ಕಾಲುಗಳನ್ನು ಕಿತ್ತ ಮೇಲೆ ಅವಳ ಪಕ್ಕದಲ್ಲಿ ದಾಂಡಿಗ ಕಾಲನ್ನು ನೆಲಕ್ಕೂರಿ ಕುಳಿತ. ಬೆಳ್ಳಗಾದ ಗುಳ್ಳೆಯನ್ನು ಮತ್ತೆ ಮುಚ್ಚಲಿಲ್ಲ. ಕ್ಲೈಡ್ ಅಳೆದು, "ಈಗ ಲಕ್ಷಣವಾಗಿದೆ" ಎಂದು ಅಪ್ಪಣೆ ಕೊಟ್ಟ.

ಮಧ್ಯಾಹ್ನ ಪೈಗಳೆಲ್ಲ ಖಾಲಿಯಾದ ಮೇಲೆ ಆರ್ಲೀನ್ ಏಪ್ರನ್ನಿಗೆ ಕೈಯೊರೆಸುತ್ತಾ ಬಂದಳು. "ಏನೋ ತೋರಿಸ್ತೀನಿ ಅಂದಿದ್ರಲ್ಲ ಲೋವೆಲ್?"

ಅವನು ಪಕ್ಕಕ್ಕೆ ಸರಿದ. ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.  ಎದ್ದಾಗ ಕಣ್ಣು ತುಂಬಿತ್ತು.

"ನನ್ನ ಹಳದಿ ಸ್ವೆಟರು" ಎಂದಳು. "ಅಮ್ಮ ಹೆಣೆದಿದ್ದು. ನಿಮಗೆ ಹೇಗೆ ಗೊತ್ತು?"

ಲೋವೆಲನ ಎದೆ ಹೆಲಿಕಾಪ್ಟರಿನ ರೆಕ್ಕೆಯಂತೆ ಬಡಿದುಕೊಂಡಿತು. "ನಾನು... ಆವತ್ತು..."

"ಮತ್ತೆ ಪಕ್ಕದಲ್ಲಿ ರಸ್!" ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅದೇ ಭುಜ, ಫುಟ್ಬಾಲ್ ಟೀಮಿನ ಅದೇ ಕೆಂಪು ಜಾಕೆಟ್ಟು! ಅಯ್ಯೋ ದೇವರೇ. ಏನೋ ಸಣ್ಣ ಜಗಳಕ್ಕೆ ಮಾತು ಬಿಟ್ವಿ, ಆಮೇಲೆ ನಾನು ಅರಿಜೋನಾಕ್ಕೆ ಹೋದೆ. ಊರಿಗೆ ಬಂದಾಗಿನಿಂದ ಅವನನ್ನ ಮಾತಾಡಿಸ್ಬೇಕು ಅಂತಿದ್ದೆ, ಧೈರ್ಯ ಬಂದಿರ್ಲಿಲ್ಲ." ಮತ್ತೆ ಚಿಲ್ಲಿಯ ಮೂಲೆಗೆ ತಿರುಗಿ ಕೂಗಿದಳು: "ರಸ್! ರಸ್ ಹ್ಯಾಗರ್ಟಿ! ಬಾ ಇಲ್ಲಿ!"

ಚಿಲ್ಲಿ ಬಡಿಸಲು ನಿಂತಿದ್ದ ಟೈರಿನಂಗಡಿಯ ರಸ್ ಹ್ಯಾಗರ್ಟಿ, ಹೆಂಡತಿ ಸತ್ತು ಒಬ್ಬನೇ ಇದ್ದವನು, ಸೌಟು ಹಿಡಿದುಕೊಂಡೇ ಬಂದ. ತನ್ನ ದೊಡ್ಡ ದೇಹವನ್ನು ಬಗ್ಗಿಸಿ ನೋಡಿದ.  "ನಾನೇ ಕಣೇ ಇದು" ಎಂದ.

"ನೀನೇ. ನೀನು ಎರಡನೇ ಸುತ್ತಿಗೆ ಕರ್ಕೊಂಡ್ ಹೋದೆಯಲ್ಲ, ಹೊಟ್ಟೆಕಿಚ್ಚಿಗೆ! ಮೊದಲ್ನೇ ಸುತ್ತಿಗೆ ನನ್ ಜೊತೆ ಬೇರೆ ಯಾರೋ ಇದ್ದ ಅಂತ."

"ಯಾರೋ ಚಿಳ್ಳೆ ಹುಡುಗ ಇದ್ದ" ಎಂದು ರಸ್ ನಕ್ಕ. "ಆರ್ಲೀನ್, ಶುಕ್ರವಾರ ಮೀನಿನ ಊಟಕ್ಕೆ ಹೋಗೋಣ್ವಾ?"

"ಕೇಳಕ್ಕೆ ಐವತ್ತು ವರ್ಷ ಬೇಕಾಯ್ತಾ? ಹೋಗೋಣ." ಅವಳು ಮತ್ತೆ ಲೋವೆಲನ ಕಡೆ ತಿರುಗಿದಳು. ಮುಖ ಮೆತ್ತಗಾಗಿತ್ತು. "ಪಾಪ, ಆ ಮೊದಲ್ನೇ ಹುಡುಗ ಯಾರೋ ಏನೋ. ನೀಲಿ ಟೋಪಿ ಹಾಕ್ಕೊಂಡು ಗಟ್ಟಿಯಾಗಿ ಕಣ್ಣು ಮುಚ್ಕೊಂಡು ಕೂತಿದ್ದ. ಕಾಲು ನೆಲಕ್ಕೇ ಎಟುಕ್ತಿರ್ಲಿಲ್ಲ. ಒಂದು ಮಾತಾಡ್ಸೋಣ ಅಂತ ಇಳಿದು ಹುಡುಕಿದೆ, ಎಲ್ಲೋ ಓಡಿ ಹೋಗಿದ್ದ. ಎಷ್ಟೋ ಸಲ ನೆನಪಾಗ್ತಾನೆ ನೋಡಿ."

ಲೋವೆಲನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅರ್ಧ ಹುಡುಗ ಅಂಗೈಯ ಮೇಲೆ ಬಂದ. ಟೋಪಿಯ ಮೇಲೆ ವರ್ನನ ಹೆಬ್ಬೆರಳಿನ ಗುರುತು ಇನ್ನೂ ಇತ್ತು.

"ಇವನೇ!" ಎಂದಳು ಆರ್ಲೀನ್. "ಥೇಟ್ ಇವನೇ! ಮತ್ತೆ ಇವನನ್ನ ಯಾಕೆ ಕೂರಿಸ್ಲಿಲ್ಲ?"

ಲೋವೆಲ್ ಬಾಯಿ ತೆರೆದ. ಅಷ್ಟರಲ್ಲಿ ಅವನ ಹೆಗಲ ಹಿಂದಿನಿಂದ ಕ್ಲೈಡ್, ಕ್ಯಾಲಿಪರ್ ಸವರುತ್ತಾ, ತಿಳಿಹೇಳುವ ದನಿಯಲ್ಲಿ ಹೇಳಿದ:

"ಅವನು ಮೂವತ್ತೈದು ಕಣಮ್ಮಾ. ನಿನ್ ಪಕ್ಕ ಕೂರಕ್ಕೆ ಅಳತೆ ಸಾಲ್ಲಿಲ್ಲ."