ನಡುವಿನ ಗೆರೆಯೇ ಸರಿ

ನಾಲ್ಕು ಜನ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಜಾಯಮಾನ ನನ್ನದಲ್ಲ. ಎಸ್ಸೆಸ್ಸೆಲ್ಸಿ ಓದಿದವನು, ಸ್ವಂತ ಬುದ್ಧಿ ಉಳ್ಳವನು! ಹೀಗೆಂದು ಮೊಮ್ಮಗಳು ಸಹನಾಳ ಮುಂದೆ ಎದೆ ತಟ್ಟಿಕೊಂಡಾಗ ಅಡಿಗೆಮನೆಯಲ್ಲಿ ನನ್ನ ಹೆಂಡತಿ ಗೌರಮ್ಮ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ನಾನು ಆಗಲೇ ತಿಳಿಯಬೇಕಿತ್ತು.

ಸಹನಾ ದುರ್ಗದಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು. ಮನುಷ್ಯ ಗುಂಪಿನ ಮಾತಿಗೆ ಏಕೆ ಬಾಗುತ್ತಾನೆ ಎಂಬುದು ಅವಳ ಪ್ರಬಂಧದ ವಿಷಯ. ಕಾಲೇಜು ಹುಡುಗರ ಮೇಲಿನ ಪ್ರಯೋಗ ಮುಗಿದಿತ್ತು, ಹಳ್ಳಿಯ ಹಿರಿಯರದು ಬಾಕಿ. ಸೋಮವಾರ ಪ್ರಬಂಧ ಒಪ್ಪಿಸದಿದ್ದರೆ ಅವಳ ಒಂದು ವರ್ಷ ಹೋದಂತೆ. ಅಂದು ಭಾನುವಾರ.

"ಬಿಡವ್ವ, ರಾಮಗಿರೀಲಿ ನಾನು ಕರೆದ್ರೆ ಬರಲ್ಲ ಅನ್ನೋರು ಯಾರವ್ರೆ?" ಎಂದು ಇಡೀ ಭಾರವನ್ನು ಹೆಗಲಿಗೇರಿಸಿಕೊಂಡೆ.

ಪ್ರಯೋಗ ಬಹಳ ಸುಲಭ. ಒಂದು ರಟ್ಟಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಆ ಒಂಟಿ ಗೆರೆಯಷ್ಟು ಉದ್ದ ಎಂದು ಒಬ್ಬೊಬ್ಬರೇ ಹೇಳಬೇಕು. ಕೂಸು ಕೂಡ ಹೇಳೀತು. ಆದರೆ ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡವರು. ಬೇಕೆಂದೇ ತಪ್ಪು ಹೇಳುತ್ತಾರೆ. ಏನೂ ತಿಳಿಯದ ಆ ಒಬ್ಬನ ಸರದಿ ಕೊನೆಗೆ. ಅವನು ತನ್ನ ಕಣ್ಣನ್ನು ನಂಬುತ್ತಾನೋ, ಜನರನ್ನು ನಂಬುತ್ತಾನೋ?

ದಿನಾ ಸಂಜೆ ರೈಲು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ನನ್ನ ಜೊತೆ ಕೂರುವ ಗೆಳೆಯರನ್ನೆಲ್ಲ ಸುಳ್ಳು ಹೇಳಲು ಗೊತ್ತು ಮಾಡಿದೆ. ಯಾವ ರಟ್ಟು ತೋರಿಸಿದರೂ "ಮೂರನೇದು" ಎನ್ನಬೇಕೆಂದು ಕಟ್ಟಪ್ಪಣೆ. ಅವರಲ್ಲಿ ತಿಪ್ಪೇಸ್ವಾಮಿಗೆ ಮಾತ್ರ ಪಾಪಭಯ. ವಿಜ್ಞಾನಕ್ಕಾಗಿ ಹೇಳಿದ ಸುಳ್ಳು ಅಂಟುವುದಿಲ್ಲವೆಂದು ಸಮಾಧಾನ ಹೇಳಿದೆ. ಏನೂ ತಿಳಿಯದ ಒಬ್ಬನಾಗಿ ಯಜಮಾನ ರುದ್ರಪ್ಪನವರನ್ನು ಆರಿಸಿದೆ. ಊರಿನ ಜಗಳಗಳನ್ನೆಲ್ಲ ಬಗೆಹರಿಸುವ ದೊಡ್ಡ ಮನುಷ್ಯರು. ಅವರ ಮೇಲೆಯೇ ಪ್ರಯೋಗ ನಡೆದರೆ ಪ್ರಬಂಧಕ್ಕೂ ಒಂದು ತೂಕ!

ಪಡಸಾಲೆಯಲ್ಲಿ ಸಹನಾ ಕುರ್ಚಿಗಳನ್ನು ಸಾಲಾಗಿ ಹಾಕಿದ್ದಳು. ರುದ್ರಪ್ಪನವರಿಗೆಂದಿಟ್ಟ ಕೊನೆಯ ಕುರ್ಚಿ ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಪಕ್ಕಕ್ಕೆ ಬಂದಿತ್ತು. ರುದ್ರಪ್ಪನವರು ಬಂದರು. ಊರಿನ ಯಜಮಾನರನ್ನು ಚಪ್ಪಲಿಯ ಪಕ್ಕ ಕೂರಿಸುವುದುಂಟೆ? ಎಲ್ಲರಿಗಿಂತ ಮೊದಲು ಎದ್ದವನು ನಾನು. "ಬರ್ರಿ ಯಜಮಾನ್ರೆ, ಇಲ್ಲಿ ಕುಂತ್ಕಳ್ರಿ" ಎಂದು ಮೊದಲನೆಯ ಕುರ್ಚಿ ಬಿಟ್ಟುಕೊಟ್ಟೆ. ಸಹನಾ ನನಗೆ ಕಣ್ಣುಸನ್ನೆ ಮಾಡಿದಳು. ನೀರು ಕೊಡಲು ಹೇಳುತ್ತಿದ್ದಾಳೆಂದು ತಿಳಿದು ಒಳಗೆ ಹೋಗಿ ಚೊಂಬು ತಂದೆ.

ಅವಳು ಮೊದಲ ರಟ್ಟು ತೋರಿಸಿದಳು. ಸರಿಯಾದದ್ದು ಒಂದನೆಯ ಗೆರೆ. ನಾವು ಹೇಳಬೇಕಾದದ್ದು ಮೂರನೆಯದು. ರುದ್ರಪ್ಪನವರು ಕತ್ತು ಮುಂದೆ ಚಾಚಿ ನೋಡಿ ತೀರ್ಪು ಕೊಟ್ಟರು: "ನಡುವಿಂದು."

ತಿಪ್ಪೇಸ್ವಾಮಿ ನನ್ನನ್ನು ನೋಡಿದ. ನಾನು ಸೂರು ನೋಡಿದೆ. "ನಡುವಿಂದೇ" ಎಂದ ಅವನು. ಪಕ್ಕದವನೂ ಅದನ್ನೇ ಎಂದ. ಸಾಲು ಹಾಗೆಯೇ ಹರಿದು ಚಪ್ಪಲಿಯ ಪಕ್ಕ ಕೂತಿದ್ದ ನನ್ನ ಹತ್ತಿರ ಬಂತು. ನಾನು ಗಂಟಲು ಸರಿಪಡಿಸಿಕೊಂಡು ಗಂಭೀರವಾಗಿ ಹೇಳಿದೆ: "ನಡುವಿಂದು."

ನಿಜವನ್ನೂ ಯಾರೂ ಹೇಳಲಿಲ್ಲ, ಒಪ್ಪಿಕೊಂಡ ಸುಳ್ಳನ್ನೂ ಯಾರೂ ಹೇಳಲಿಲ್ಲ!

ಎರಡನೆಯ ರಟ್ಟಿಗೂ ನಡುವಿನದೇ. ಇನ್ನೊಂದು ರಟ್ಟಿನಲ್ಲಿ ನಡುವಿನ ಗೆರೆ ಮೋಟು ಬೀಡಿಯಷ್ಟಿತ್ತು. ಅದಕ್ಕೂ ಸರ್ವಾನುಮತ! ಮೊಮ್ಮಗಳ ಮುಖ ಬಾಡುವುದನ್ನು ನೋಡಲಾರದೆ ಈ ಸಲ ಎದುರು ನಿಂತೇ ತೀರುವುದೆಂದು ನಿಶ್ಚಯಿಸಿದೆ. ನನ್ನ ಸರದಿ ಬಂತು. "ಮೂ..." ಎಂದೆ. ರುದ್ರಪ್ಪನವರು ಮೆಲ್ಲಗೆ ನನ್ನ ಕಡೆ ತಿರುಗಿದರು. "ಮೂರು ಸಲ ನೋಡಿದೆ ಕಣವ್ವ, ನಡುವಿಂದೇ" ಎಂದು ಮುಗಿಸಿದೆ.

ಸಹನಾ ರಟ್ಟುಗಳನ್ನು ಚೀಲಕ್ಕೆ ಹಾಕಿದಳು. ಆದರೂ ಶಾಸ್ತ್ರ ಬಿಡಲಿಲ್ಲ. ಪ್ರಯೋಗವಾದ ಮೇಲೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕರೆದು ಏಕೆ ಹಾಗೆಂದಿರಿ ಎಂದು ಕೇಳಬೇಕಂತೆ. ಬೇರೆಯವರಿಗೆ ಕೇಳಿಸಬಾರದಂತೆ. ಕೋಣೆಗೆ ಮೊದಲು ಹೋದವರು ರುದ್ರಪ್ಪನವರು. ನಾನು ಬಾಗಿಲಿಗೆ ಕಿವಿಯಿಟ್ಟೆ.

"ನನಗೆ ಗೆರೆ ಎಲ್ಲಿ ಕಾಣ್ತವೆ ತಾಯಿ, ಕಣ್ಣಿಗೆ ಪೊರೆ ಬಂದೈತೆ. ಇಷ್ಟು ಜನದ ಮುಂದೆ ಕಾಣಲ್ಲ ಅನ್ನಾಕೆ ನಾಚಿಕೆ. ನಡುವಿಂದು ಅಂದ್ರೆ ಆ ಕಡೆಯೋರಿಗೂ ಬೇಜಾರಿಲ್ಲ, ಈ ಕಡೆಯೋರಿಗೂ ಬೇಜಾರಿಲ್ಲ. ಊರಿನ ನ್ಯಾಯಾನೂ ನಾನು ಹಂಗೇ ಹೇಳ್ಕೊಂಡು ಬಂದೀನಿ."

ನನ್ನ ಹೊಲದ ಬದುವಿನ ಜಗಳ ನೆನಪಾಯಿತು. ಅದನ್ನು ಬಗೆಹರಿಸಿದವರೂ ಇವರೇ!

ಉಳಿದವರು ಒಬ್ಬೊಬ್ಬರಾಗಿ ಹೋಗಿ ಬಂದರು. ಗೌರಮ್ಮ ಬಂದು ಕಿವಿ ಹಿಡಿದು ಎಳೆಯುವ ಹಾಗೆ ನೋಡಿದ್ದರಿಂದ ಅವರ ಮಾತು ಕೇಳಲಾಗಲಿಲ್ಲ. ಕೊನೆಗೆ ನನ್ನ ಸರದಿ. ಸಹನಾಳ ಕಣ್ಣುಗಳು ಕೆಂಪಾಗಿದ್ದವು. ಈ ವರ್ಷ ಪ್ರಬಂಧ ಕೊಡಲಾಗುವುದಿಲ್ಲ, ಮುಂದಿನ ವರ್ಷ ಬೇರೆ ಊರಲ್ಲಿ ಮಾಡುತ್ತೇನೆ ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತಾತ, ಇಲ್ಲಿ ಯಾರೂ ಇಲ್ಲ. ನಾನು, ನೀನು ಅಷ್ಟೆ. ಎಲ್ಲಾ ಗೊತ್ತಿದ್ದೂ ನೀನ್ಯಾಕೆ ನಡುವಿಂದು ಅಂದೆ? ನಿಜ ಹೇಳು."

ಮಗುವಿನ ಒಂದು ವರ್ಷ ತಿಂದಿದ್ದೇನೆ, ಈಗಲಾದರೂ ನಿಜ ಹೇಳಬೇಕು ಎನಿಸಿತು. ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿದೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದೆ:

"ಹೇಳ್ತೀನವ್ವ. ಮೊದ್ಲು ನೀನು ಹೇಳು, ಉಳಿದೋರೆಲ್ಲ ಏನಂದ್ರು?"